ಪಿಲಾಟೀಸ್ ವ್ಯಾಯಾಮಪದ್ಧತಿ: ಪ್ರಥಮಾಭ್ಯಾಸಿಗಳಿಗೆ ಕೆಲವು ವಿಚಾರಗಳು

ಪಿಲಾಟೀಸ್ ಎಂಬ ಶಬ್ದವು ಈಚಿನ ವರ್ಷಗಳಲ್ಲಿ ನಗರಗಳ ವ್ಯಾಯಾಮಶಾಲೆಗಳ ಫಲಕಗಳ ಮೇಲೆ ಕಾಣಿಸಿಕೊಳ್ಳುತ್ತಿದೆ. ಬೆನ್ನುನೋವಿನವರಿಗೆ ಸಲಹೆ ಕೊಡುವವರ ಬಾಯಲ್ಲಿಯೂ ಕೇಳಿಬರುತ್ತಿದೆ. ಮೊದಲ ಸಲ ಕೇಳಿದವರು ಅದನ್ನು ಯಾವುದೋ ಯಂತ್ರದ ಹೆಸರೆಂದೋ ಔಷಧದ ಹೆಸರೆಂದೋ ಭಾವಿಸಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಅದು ಒಬ್ಬ ಮನುಷ್ಯನ ಮನೆತನದ ಹೆಸರು. ಜೋಸೆಫ್ ಹ್ಯೂಬರ್ಟಸ್ ಪಿಲಾಟೀಸ್ ಎಂಬ ಜರ್ಮನ್ ವ್ಯಾಯಾಮಾಚಾರ್ಯರು ತಾವು ರೂಪಿಸಿದ ಪದ್ಧತಿಗೆ ತಮ್ಮ ಹೆಸರನ್ನು ಇಟ್ಟಿರಲಿಲ್ಲ. ಅವರು ಅದನ್ನು ‘ಕಂಟ್ರಾಲಜಿ’, ಎಂದರೆ ನಿಯಂತ್ರಣಶಾಸ್ತ್ರ, ಎಂದು ಕರೆದಿದ್ದರು. ಆ ಹೆಸರು ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ. ಕರ್ತೃವಿನ ಹೆಸರೇ ಕೃತಿಯ ಹೆಸರಾಯಿತು. ಆದರೆ ಪದ್ಧತಿಯ ತಿರುಳು ಇರುವುದು ಮರೆತುಹೋದ ಆ ಹಳೆಯ ಹೆಸರಿನಲ್ಲಿಯೇ. ಹೊಸದಾಗಿ ಅಭ್ಯಾಸಕ್ಕೆ ತೊಡಗುವವರು ಮೊದಲು ಕಡೆಗಣಿಸುವುದೂ ಅದನ್ನೇ. ಪುಸ್ತಕದ ಚಿತ್ರವನ್ನು ನೋಡಿ, ಎರಡು ಕಾಲುಗಳನ್ನೂ ಒಮ್ಮೆಗೇ ಮೇಲೆತ್ತಿ, ಉಸಿರು ಬಿಗಿಹಿಡಿದು ಎಣಿಕೆ ಮುಗಿಸಿ, ಮರುದಿನ ಸೊಂಟ ಹಿಡಿದುಕೊಂಡು ಕೂರುವವರ ಸಂಖ್ಯೆ ಕಡಮೆಯದಲ್ಲ. ಅಂಥವರು ಪದ್ಧತಿಯನ್ನು ದೂರಿ ಕೈಬಿಡುತ್ತಾರೆ. ದೋಷವು ಪದ್ಧತಿಯದಲ್ಲ, ಪ್ರಾರಂಭದ ಕ್ರಮದ್ದು.

ಜೋಸೆಫ್ ಪಿಲಾಟೀಸರು 1883ರ ಡಿಸೆಂಬರ್ 9ರಂದು ಜರ್ಮನಿಯ ಮ್ಯೋಂಚೆನ್‌ಗ್ಲಾಡ್‌ಬಾಖ್ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರು ರೋಗಿಷ್ಠರಾಗಿದ್ದರು. ಗೂರಲು, ಎಲುಬುಗಳನ್ನು ಮೆತ್ತಗಾಗಿಸುವ ರಿಕೆಟ್ಸ್, ಸಂಧಿಜ್ವರ ಇವು ಅವರನ್ನು ಕಾಡಿದ್ದವು. ತಮ್ಮ ದುರ್ಬಲ ದೇಹವನ್ನು ತಾವೇ ತಿದ್ದಿಕೊಳ್ಳಬೇಕೆಂಬ ಹಟದಿಂದ ಅವರು ಅಂಗಸಾಧನೆ, ಮುಷ್ಟಿಯುದ್ಧ ಮೊದಲಾದವುಗಳಲ್ಲಿ ತೊಡಗಿ, ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಇಂಗ್ಲೆಂಡಿಗೆ ಹೋದರು. 1914ರಲ್ಲಿ ಯುದ್ಧವು ಪ್ರಾರಂಭವಾದಾಗ, ಅಲ್ಲಿದ್ದ ಜರ್ಮನ್ ಪ್ರಜೆಗಳೆಲ್ಲರೂ ‘ಶತ್ರುದೇಶದವರು’ ಎನಿಸಿಕೊಂಡರು. ಪಿಲಾಟೀಸರನ್ನೂ ಹಿಡಿದು ಮೊದಲು ಲ್ಯಾಂಕಾಸ್ಟರಿನಲ್ಲಿಯೂ ಬಳಿಕ ಐರಿಷ್ ಸಮುದ್ರದ ನಡುವಿನ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿಯೂ ಇರಿಸಿದರು. ಸುಮಾರು 23,000 ಜನ ಬಂದಿಗಳು ಮುಳ್ಳುತಂತಿಯ ಬೇಲಿಯೊಳಗೆ ವರ್ಷಗಟ್ಟಲೆ ಮರದ ಗುಡಿಸಲುಗಳಲ್ಲಿ ಕಾಲ ಕಳೆದ ಸ್ಥಳ ಅದು. ಮಾಡಲು ಕೆಲಸವಿಲ್ಲ, ಹೋಗಲು ದಾರಿಯಿಲ್ಲ. ದೇಹವೂ ಮನಸ್ಸೂ ಒಟ್ಟಿಗೆ ಕುಗ್ಗುವಂಥ ಪರಿಸ್ಥಿತಿ. ಆ ವರ್ಷಗಳಲ್ಲಿಯೇ ಅವರು ನೆಲದ ಮೇಲೆ, ಯಾವ ಸಾಧನವೂ ಇಲ್ಲದೆ ಮಾಡಬಹುದಾದ ವ್ಯಾಯಾಮಗಳನ್ನು ಜೊತೆಯ ಬಂದಿಗಳಿಗೆ ಕಲಿಸುತ್ತ ತಮ್ಮ ಪದ್ಧತಿಗೆ ರೂಪ ಕೊಟ್ಟರೆಂದು ಹೇಳಲಾಗುತ್ತದೆ. ಹಾಸಿಗೆ ಹಿಡಿದ ರೋಗಿಗಳಿಗಾಗಿ ಮಂಚಕ್ಕೆ ಸ್ಪ್ರಿಂಗುಗಳನ್ನು ಕಟ್ಟಿ, ಮಲಗಿದಲ್ಲಿಯೇ ಕೈಕಾಲು ಆಡಿಸುವಂತೆ ಮಾಡಿದರೆಂಬ ಕಥೆಯೂ ಪ್ರಚಾರದಲ್ಲಿದೆ. ಶಿಬಿರದಲ್ಲಿ ಅವರ ಶಿಷ್ಯರೊಬ್ಬರೂ 1918ರ ಇನ್‌ಫ್ಲುಯೆಂಜಾ ಜ್ವರಕ್ಕೆ ಬಲಿಯಾಗಲಿಲ್ಲ ಎಂಬ ಮಾತನ್ನು ಮಾತ್ರ ಭಕ್ತರ ಉತ್ಪ್ರೇಕ್ಷೆಯೆಂದೇ ತಿಳಿಯುವುದು ಲೇಸು.

ಯುದ್ಧಾನಂತರ ಜರ್ಮನಿಗೆ ಹಿಂದಿರುಗಿ, 1926ರಲ್ಲಿ ಅಮೆರಿಕಕ್ಕೆ ತೆರಳಿದ ಅವರು ನ್ಯೂಯಾರ್ಕ್ ನಗರದ ಎಂಟನೆಯ ಅವೆನ್ಯೂ, 939ನೆಯ ಸಂಖ್ಯೆಯ ಕಟ್ಟಡದಲ್ಲಿ ವ್ಯಾಯಾಮಶಾಲೆಯನ್ನು ತೆರೆದರು. ಬಾಳಸಂಗಾತಿಯಾದ ಕ್ಲಾರಾ ಅವರು ಅಲ್ಲಿ ಸಮಸಮವಾಗಿ ದುಡಿದರು. ಜೋಸೆಫರದು ಗದರುವ ಸ್ವಭಾವ. ತಾಳ್ಮೆಯಿಂದ ಹೇಳಿಕೊಡುತ್ತಿದ್ದವರು ಕ್ಲಾರಾ ಎಂದು ಶಿಷ್ಯರು ನೆನೆದುಕೊಂಡಿದ್ದಾರೆ. ಸಮೀಪದಲ್ಲಿಯೇ ರಂಗಮಂದಿರಗಳೂ ನೃತ್ಯಶಾಲೆಗಳೂ ಇದ್ದುದರಿಂದ, ಕಾಲು ಉಳುಕಿಸಿಕೊಂಡ, ಬೆನ್ನು ನೋಯಿಸಿಕೊಂಡ ನರ್ತಕರು ಅಲ್ಲಿಗೆ ಬರತೊಡಗಿದರು. ಪ್ರಸಿದ್ಧ ನೃತ್ಯಾಚಾರ್ಯ ಜಾರ್ಜ್ ಬ್ಯಾಲಂಚೀನರಂಥವರೇ ತಮ್ಮ ಕಲಾವಿದರನ್ನು ಅಲ್ಲಿಗೆ ಕಳುಹಿಸುತ್ತಿದ್ದರು. 1934ರಲ್ಲಿ ಪಿಲಾಟೀಸರ ಮೊದಲ ಕಿರುಹೊತ್ತಗೆಯೂ, 1945ರಲ್ಲಿ ವಿಲಿಯಂ ಮಿಲ್ಲರರೊಡನೆ ಬರೆದ ‘ರಿಟರ್ನ್ ಟು ಲೈಫ್ ಥ್ರೂ ಕಂಟ್ರಾಲಜಿ’ ಎಂಬ ಗ್ರಂಥವೂ ಹೊರಬಂದವು. ಎರಡನೆಯದರಲ್ಲಿ 34 ವ್ಯಾಯಾಮಗಳ ವಿವರಣೆಯಿದ್ದು, ಚಿತ್ರಗಳಲ್ಲಿ ಅರವತ್ತರ ಆಸುಪಾಸಿನ ಗ್ರಂಥಕರ್ತರೇ ಅವುಗಳನ್ನು ಮಾಡಿ ತೋರಿಸಿದ್ದಾರೆ. (ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಬೋಧಿಸುತ್ತಿದ್ದ ತಿರುಮಲೆ ಕೃಷ್ಣಮಾಚಾರ್ಯರ ‘ಯೋಗಮಕರಂದ’ವು ಕನ್ನಡದಲ್ಲಿ ಪ್ರಕಟವಾದದ್ದೂ 1934ರಲ್ಲಿಯೇ. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಆಚಾರ್ಯರು ಭೂಮಿಯ ಎರಡು ಅಂಚುಗಳಲ್ಲಿ ಉಸಿರನ್ನೂ ಚಲನೆಯನ್ನೂ ಹೆಣೆಯುವ ಕೆಲಸದಲ್ಲಿ ಒಂದೇ ಕಾಲದಲ್ಲಿ ತೊಡಗಿದ್ದುದು ಗಮನಾರ್ಹ.) ಪಿಲಾಟೀಸರು 1967ರಲ್ಲಿಯೂ ಕ್ಲಾರಾ 1977ರಲ್ಲಿಯೂ ತೀರಿಕೊಂಡರು. ಶಿಷ್ಯಪರಂಪರೆಯು ಕವಲೊಡೆದು ಬೆಳೆಯಿತು. ಹೆಸರಿನ ಒಡೆತನದ ಬಗ್ಗೆ ವ್ಯಾಜ್ಯವೂ ನಡೆಯಿತು. 2000ನೆಯ ವರ್ಷದಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ‘ಪಿಲಾಟೀಸ್’ ಎಂಬುದು ಯೋಗ, ಕರಾಟೆಗಳಂತೆ ಒಂದು ವ್ಯಾಯಾಮವಿಧಾನದ ಸಾಮಾನ್ಯ ನಾಮವೆಂದೂ, ಅದು ಯಾರೊಬ್ಬರ ಸ್ವತ್ತೂ ಅಲ್ಲವೆಂದೂ ತೀರ್ಪಿತ್ತಿತು. ಅದರಿಂದ ಪ್ರಚಾರವು ಹೆಚ್ಚಿತು. ಯಾರು ಬೇಕಾದರೂ ಫಲಕ ಹಾಕಿಕೊಳ್ಳಬಹುದೆಂಬ ಅನಾನುಕೂಲವೂ ಅದರ ಜೊತೆಗೇ ಬಂದಿತು.

ಗರಡಿಯ ಸಾಮು, ದಂಡೆ, ಬಸ್ಕಿಗಳನ್ನು ಬಲ್ಲವರಿಗೆ ಈ ಪದ್ಧತಿಯು ಮೊದಲ ನೋಟಕ್ಕೆ ಸಪ್ಪೆಯಾಗಿ ತೋರಬಹುದು. ಇಲ್ಲಿ ಬೆವರು ಹರಿಯುವುದಿಲ್ಲ, ಎಣಿಕೆ ನೂರು ಇನ್ನೂರಕ್ಕೆ ಏರುವುದಿಲ್ಲ. ಒಂದೊಂದು ಚಲನೆಯನ್ನು ಐದರಿಂದ ಎಂಟು ಬಾರಿ, ಹೆಚ್ಚೆಂದರೆ ಹತ್ತು ಬಾರಿ ಮಾಡಿ ಬಿಡುವುದೇ ರೂಢಿ. ಏಕೆಂದರೆ ಇಲ್ಲಿ ಕೈಕಾಲುಗಳು ನೆಪಮಾತ್ರ. ಕೈಕಾಲುಗಳು ಚಲಿಸುವಾಗ ನಡುವು ಕದಲದೆ ನಿಲ್ಲುತ್ತದೆಯೆ ಎಂಬುದೇ ಪರೀಕ್ಷೆ. ಹೊಟ್ಟೆಯ ಭಾಗದಲ್ಲಿ ಹೊರಗೆ ಕಾಣುವ ಉದ್ದ ಸ್ನಾಯುಗಳಲ್ಲದೆ, ಒಳಪದರದಲ್ಲಿ ಅಡ್ಡಲಾಗಿ ಸುತ್ತಿಕೊಂಡ ಒಂದು ಸ್ನಾಯುವಿದೆ. ಬಾಣಂತಿಯ ಸೊಂಟಕ್ಕೆ ಬಿಗಿಯುವ ನಡುಕಟ್ಟಿನಂತೆ ಅದು ಒಳಗಿನಿಂದ ಬೆನ್ನಿಗೆ ಆಸರೆ ಕೊಡುತ್ತದೆ. ಅದರ ಮೇಲ್ಭಾಗದಲ್ಲಿ ಉಸಿರಾಟದ ವಪೆ, ತಳದಲ್ಲಿ ಸೊಂಟದೆಲುಬಿನ ತಳಸ್ನಾಯುಗಳು, ಹಿಂದೆ ಕಶೇರುಮಣಿಗಳನ್ನು ಒಂದಕ್ಕೊಂದು ಹಿಡಿದಿಡುವ ಸಣ್ಣ ಸ್ನಾಯುಗಳು. ಈ ನಾಲ್ಕೂ ಕೂಡಿ ಒಂದು ಪೆಟ್ಟಿಗೆಯಂತೆ ಕೆಲಸ ಮಾಡುತ್ತವೆ. ದಿನವಿಡೀ ಕುರ್ಚಿಯಲ್ಲಿ ಬಾಗಿ ಉತ್ತರಪತ್ರಿಕೆ ನೋಡುವವರಲ್ಲಿ, ಅಂಗಡಿಯ ಗದ್ದಿಗೆಯ ಮೇಲೆ ಕುಳಿತೇ ವಯಸ್ಸು ಕಳೆಯುವವರಲ್ಲಿ ಈ ಪೆಟ್ಟಿಗೆಯು ಸಡಿಲವಾಗಿ, ಭಾರವೆಲ್ಲವೂ ಸೊಂಟದ ಐದು ಮಣಿಗಳ ಮೇಲೆ ಬೀಳುತ್ತದೆ. ಪಿಲಾಟೀಸ್ ಅಭ್ಯಾಸವು ಪ್ರಥಮತಃ ಈ ಪೆಟ್ಟಿಗೆಯ ಶಿಕ್ಷಣ.

ಸಿದ್ಧತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಗಟ್ಟಿ ನೆಲದ ಮೇಲೆ ದಪ್ಪ ಜಮಖಾನೆಯನ್ನೋ ಎರಡು ಮಡಿಕೆ ಮಾಡಿದ ಕಂಬಳಿಯನ್ನೋ ಹಾಸಿಕೊಂಡರೆ ಸಾಕು. ಹತ್ತಿಯ ಹಾಸಿಗೆ ಸಲ್ಲದು, ಅದು ಬೆನ್ನಿನ ಚಲನೆಯನ್ನು ತಿಳಿಯಗೊಡುವುದಿಲ್ಲ. ಊಟವಾಗಿ ಎರಡು ಮೂರು ಗಂಟೆ ಕಳೆದಿರಬೇಕು. ಬರಿಗಾಲು, ಸಡಿಲವಾದ ಉಡುಪು. ಸ್ಪ್ರಿಂಗುಗಳ ಸೆಳೆತಕ್ಕೆ ಜಾರುವ ಹಲಗೆಯುಳ್ಳ ‘ರಿಫಾರ್ಮರ್’ ಮೊದಲಾದ ಯಂತ್ರಗಳನ್ನು ಪಿಲಾಟೀಸರೇ ನಿರ್ಮಿಸಿದ್ದರು. ಅವು ಉಪಯುಕ್ತವಾದರೂ ಬೆಲೆ ದುಬಾರಿ, ಶಿಕ್ಷಕರಿಲ್ಲದೆ ಮುಟ್ಟತಕ್ಕವೂ ಅಲ್ಲ. ಪ್ರಾರಂಭಿಕರಿಗೆ ನೆಲವೇ ಸಾಕು.

ಆದರೆ ಯಾರು ವೈದ್ಯರನ್ನು ಕೇಳದೆ ಮುಂದುವರಿಯಬಾರದು ಎಂಬುದನ್ನು ಸ್ಪಷ್ಟವಾಗಿ ತಿಳಿಯುವುದು ಅಗತ್ಯ. ಬೆನ್ನಿನ ಮಣಿಗಳ ನಡುವಿನ ಬಿಲ್ಲೆ ಜರುಗಿದವರು, ಹೃದ್ರೋಗಿಗಳು, ನಿಯಂತ್ರಣಕ್ಕೆ ಬಾರದ ರಕ್ತದೊತ್ತಡವುಳ್ಳವರು, ಗರ್ಭಿಣಿಯರು, ಈಚೆಗೆ ಹೆರಿಗೆ ಅಥವಾ ಶಸ್ತ್ರಚಿಕಿತ್ಸೆ ಆದವರು ಈ ಗುಂಪಿಗೆ ಸೇರುತ್ತಾರೆ. ಅದರಲ್ಲಿಯೂ ಆಸ್ಟಿಯೋಪೊರೋಸಿಸ್ ಎಂಬ, ಎಲುಬು ಒಳಗೊಳಗೇ ಟೊಳ್ಳಾಗುವ ವ್ಯಾಧಿಯ ವಿಚಾರದಲ್ಲಿ ವಿಶೇಷ ಎಚ್ಚರ ಬೇಕು. ಮುಟ್ಟು ನಿಂತ ಸ್ತ್ರೀಯರಲ್ಲಿ ಇದು ಹೆಚ್ಚು. ಪಿಲಾಟೀಸರ ಮೂಲ ವ್ಯಾಯಾಮಗಳಲ್ಲಿ ಬೆನ್ನನ್ನು ಮುಂದಕ್ಕೆ ಬಲವಾಗಿ ಬಾಗಿಸುವ, ಚೆಂಡಿನಂತೆ ಹಿಂದಕ್ಕೆ ಉರುಳುವ ಚಲನೆಗಳು ಅನೇಕ. ಟೊಳ್ಳಾದ ಕಶೇರುಮಣಿಯು ಅಂಥ ಬಾಗುವಿಕೆಯಲ್ಲಿ ಕುಸಿದು ಮುರಿಯುವ ಅಪಾಯವಿದೆ. ಅಂಥವರು ಬಾಗುವ, ಉರುಳುವ ವ್ಯಾಯಾಮಗಳನ್ನು ಪೂರ್ಣವಾಗಿ ತ್ಯಜಿಸಿ, ಬೆನ್ನನ್ನು ನೀಳವಾಗಿಟ್ಟುಕೊಂಡು ಮಾಡುವವುಗಳನ್ನು ಮಾತ್ರ ತಜ್ಞರ ಸಮ್ಮುಖದಲ್ಲಿ ಆಯ್ದುಕೊಳ್ಳಬೇಕು. ಗುಂಪಾಗಿ ನಡೆಸುವ ತರಗತಿಗಳಲ್ಲಿ ಈ ವಿವೇಚನೆ ಎಷ್ಟೋ ವೇಳೆ ನಡೆಯುವುದಿಲ್ಲವಾದ್ದರಿಂದ, ತಮ್ಮ ದೇಹಸ್ಥಿತಿಯನ್ನು ಶಿಕ್ಷಕರಿಗೆ ಮೊದಲೇ ತಿಳಿಸುವ ಹೊಣೆ ಅಭ್ಯಾಸಿಯದೇ ಆಗಿರುತ್ತದೆ.

ಮೊದಲ ಪಾಠವು ಉಸಿರಿನದು. ಅಭ್ಯಾಸಿಯು ಬೆನ್ನ ಮೇಲೆ ಮಲಗಿ, ಮೊಣಕಾಲುಗಳನ್ನು ಮಡಿಸಿ, ಪಾದಗಳನ್ನು ಸೊಂಟದಗಲಕ್ಕೆ ನೆಲದ ಮೇಲೆ ಊರಬೇಕು. ಒಂದು ಟವೆಲನ್ನು ಎದೆಯ ಕೆಳಭಾಗದ ಪಕ್ಕೆಲುಬುಗಳ ಸುತ್ತ ತಂದು, ಮುಂದೆ ಎರಡೂ ತುದಿಗಳನ್ನು ಕತ್ತರಿಯಂತೆ ಹಿಡಿದುಕೊಂಡರೆ ಉಸಿರಿನ ದಾರಿ ತಿಳಿಯುತ್ತದೆ. ಮೂಗಿನಿಂದ ಉಸಿರನ್ನು ಒಳಗೆಳೆದಾಗ ಟವೆಲು ಪಕ್ಕಗಳಲ್ಲಿಯೂ ಹಿಂಬದಿಯಲ್ಲಿಯೂ ಬಿಗಿಯಾಗಬೇಕು. ಬಾಯಿಂದ ನಿಧಾನವಾಗಿ ಹೊರಬಿಟ್ಟಾಗ ಸಡಿಲಾಗಬೇಕು. ಹೊಟ್ಟೆಯುಬ್ಬಿಸಿ ಉಸಿರಾಡುವ ಅಭ್ಯಾಸವುಳ್ಳ ಯೋಗಸಾಧಕರಿಗೆ ಇದು ಮೊದಲು ತೊಡಕೆನಿಸುತ್ತದೆ. ಎರಡರಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದಲ್ಲ, ಉದ್ದೇಶ ಬೇರೆ. ಇಲ್ಲಿ ಹೊಟ್ಟೆಯ ಸ್ನಾಯುಗಳು ಬೆನ್ನಿಗೆ ಆಸರೆಯಾಗಿ ನಿಂತಿರಬೇಕಾದ್ದರಿಂದ, ಉಸಿರು ಪಕ್ಕೆಗಳ ಕಡೆಗೆ ಜಾಗ ಹುಡುಕಿಕೊಳ್ಳಬೇಕಾಗುತ್ತದೆ. ಉಸಿರನ್ನು ಪೂರ್ಣವಾಗಿ ಹೊರಬಿಡುವಾಗ ಆ ಅಡ್ಡ ಸ್ನಾಯುವು ತಾನಾಗಿಯೇ ಬಿಗಿಯುವುದನ್ನು ಹೊಕ್ಕುಳ ಕೆಳಗೆ ಬೆರಳಿಟ್ಟು ತಿಳಿಯಬಹುದು. ಆದುದರಿಂದಲೇ ಪ್ರಯಾಸದ ಚಲನೆಯನ್ನು ನಿಶ್ವಾಸದ ಜೊತೆಗೆ ಹೊಂದಿಸಲಾಗಿದೆ. ಹೊಟ್ಟೆಯನ್ನು ಪೂರ್ಣ ಶಕ್ತಿಯಿಂದ ಒಳಗೆಳೆದು ಕಲ್ಲಾಗಿಸುವುದು ತಪ್ಪು. ಮಾತನಾಡುವುದಕ್ಕೆ ಅಡ್ಡಿಯಾಗದಷ್ಟು ಬಿಗುವು ಇದ್ದರೆ ಸಾಕು.

ಎರಡನೆಯ ಪಾಠ ಸೊಂಟದ ನೆಲೆಯನ್ನು ಗುರುತಿಸುವುದು. ಮಲಗಿದ ಭಂಗಿಯಲ್ಲಿಯೇ ಕಿಬ್ಬೊಟ್ಟೆಯ ಮೇಲೆ ನೀರು ತುಂಬಿದ ಬಟ್ಟಲೊಂದನ್ನು ಇಟ್ಟಿದೆಯೆಂದು ಭಾವಿಸಬೇಕು. ಸೊಂಟವನ್ನು ಒಂದು ಕಡೆಗೆ ಹೊರಳಿಸಿದರೆ ನೀರು ಹೊಕ್ಕುಳ ಕಡೆಗೆ ಚೆಲ್ಲುತ್ತದೆ, ಸೊಂಟ ನೆಲಕ್ಕೆ ಅಂಟುತ್ತದೆ. ಇನ್ನೊಂದು ಕಡೆಗೆ ಹೊರಳಿಸಿದರೆ ತೊಡೆಗಳ ಕಡೆಗೆ ಚೆಲ್ಲುತ್ತದೆ, ಸೊಂಟದಡಿಯಲ್ಲಿ ಕಮಾನು ಏಳುತ್ತದೆ. ಈ ಎರಡು ತುದಿಗಳ ನಡುವೆ, ನೀರು ಎತ್ತಲೂ ಚೆಲ್ಲದೆ ನಿಲ್ಲುವ ಸ್ಥಾನವೇ ಸಹಜ ಸ್ಥಾನ. ಅಲ್ಲಿ ಸೊಂಟದ ಕೆಳಗೆ ಅಂಗೈ ತೂರುವಷ್ಟು ಎಡೆಯಿರುವುದು ಸ್ವಾಭಾವಿಕ. ಈ ಎರಡು ಪಾಠಗಳಿಗೆ ಒಂದು ವಾರ ಹಿಡಿದರೂ ನಷ್ಟವಿಲ್ಲ. ನೋಡುವವರಿಗೆ ಏನೂ ಮಾಡುತ್ತಿಲ್ಲವೆಂದು ತೋರುವ ಈ ವಾರವನ್ನೇ ಬಹುಮಂದಿ ಹಾರಿಸಿಬಿಡುತ್ತಾರೆ.

ಅನಂತರ ಚಲನೆ. ಅದೇ ಭಂಗಿಯಲ್ಲಿ, ನಿಶ್ವಾಸದೊಡನೆ ಒಂದು ಮಡಿಸಿದ ಕಾಲನ್ನು ಮೇಲೆತ್ತಿ ತೊಡೆಯನ್ನು ನೆಟ್ಟಗೆ ನಿಲ್ಲಿಸಿ, ಮತ್ತೆ ಪಾದವನ್ನು ನೆಲಕ್ಕೆ ತರುವುದು. ಬಳಿಕ ಇನ್ನೊಂದು ಕಾಲು. ಇಷ್ಟೇ. ಆದರೆ ಕಾಲು ಏಳುವಾಗ ಆ ಬಟ್ಟಲ ನೀರು ಅಲುಗಬಾರದು. ಮೊದಲ ದಿನ ಅಲುಗಿಯೇ ಅಲುಗುತ್ತದೆ. ಎರಡೂ ಕಾಲುಗಳನ್ನು ಒಟ್ಟಿಗೆ ಎತ್ತುವ ಯೋಗ್ಯತೆಯು, ಒಂದು ಕಾಲನ್ನು ನೀರು ಅಲುಗದಂತೆ ಎತ್ತಬಲ್ಲವನಿಗೆ ಮಾತ್ರ ಬರುತ್ತದೆ.

ಮುಂದಿನದು ಸೇತುವೆಯ ವ್ಯಾಯಾಮ. ಪಾದಗಳನ್ನು ಊರಿ, ಸೊಂಟವನ್ನು ಮೊದಲು ನೆಲಕ್ಕೆ ಒತ್ತಿ, ಬಳಿಕ ಬಾಲದೆಲುಬಿನಿಂದ ಆರಂಭಿಸಿ ಒಂದೊಂದೇ ಕಶೇರುಮಣಿಯನ್ನು ನೆಲದಿಂದ ಬಿಡಿಸುತ್ತ ಮೇಲಕ್ಕೆ ಏಳಬೇಕು. ನೆಲದ ಮೇಲೆ ಬಿದ್ದ ಮಣಿಸರವನ್ನು ಒಂದು ತುದಿಯಿಂದ ಎತ್ತಿದಾಗ ಮಣಿಗಳು ಒಂದರ ಹಿಂದೊಂದು ಮೇಲೇಳುವ ರೀತಿ ಅದು. ಭಾರವು ಹೆಗಲುಗಳ ಮೇಲೆ ನಿಲ್ಲಬೇಕೇ ಹೊರತು ಕತ್ತಿನ ಮೇಲಲ್ಲ. ಇಳಿಯುವಾಗ ಅದೇ ಕ್ರಮ ಹಿಂದುಮುಂದಾಗಿ: ಮೊದಲು ಎದೆಯ ಹಿಂಭಾಗ, ಕಡೆಯಲ್ಲಿ ಬಾಲದೆಲುಬು. ಇಳಿಯುವುದು ಏರುವುದಕ್ಕಿಂತ ಕಷ್ಟ. ಬೆನ್ನಿನ ಯಾವ ಭಾಗವು ಮಣಿಮಣಿಯಾಗಿ ಇಳಿಯದೆ ಹಲಗೆಯಂತೆ ದೊಪ್ಪನೆ ಬೀಳುತ್ತದೆಯೋ ಅಲ್ಲಿಯೇ ವರ್ಷಗಳ ಬಿಗಿತವು ಕೂಡಿಕೊಂಡಿದೆಯೆಂದು ಅರ್ಥ. ತನ್ನ ದೇಹದ ನಕ್ಷೆಯನ್ನು ಅಭ್ಯಾಸಿಯು ಓದಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಪಿಲಾಟೀಸರ ಗ್ರಂಥದಲ್ಲಿ ಪ್ರಥಮ ವ್ಯಾಯಾಮವೆಂದು ಕೊಟ್ಟಿರುವುದು ‘ಹಂಡ್ರೆಡ್’, ಎಂದರೆ ನೂರರ ವ್ಯಾಯಾಮ. ಅದರಲ್ಲಿ ತಲೆಯನ್ನೂ ನೀಡಿದ ಕಾಲುಗಳನ್ನೂ ನೆಲದಿಂದ ಎತ್ತಿ ಹಿಡಿದು, ತೋಳುಗಳನ್ನು ಪಕ್ಕದಲ್ಲಿ ಚಿಕ್ಕದಾಗಿ ಮೇಲೆ ಕೆಳಗೆ ಆಡಿಸುತ್ತ, ಐದು ಎಣಿಕೆಗೆ ಉಸಿರೆಳೆದು ಐದು ಎಣಿಕೆಗೆ ಬಿಟ್ಟು, ಹೀಗೆ ಹತ್ತು ಆವೃತ್ತಿಗಳಲ್ಲಿ ನೂರು ಎಣಿಸುತ್ತಾರೆ. ಮೊದಲನೆಯದಾಗಿ ಅಚ್ಚಾಗಿದೆಯೆಂಬ ಕಾರಣಕ್ಕೆ ಅದು ಸುಲಭವೆಂದು ತಿಳಿಯುವುದೇ ಮೇಲೆ ಹೇಳಿದ ಅವಘಡಗಳಿಗೆ ಮೂಲ. ಪ್ರಾರಂಭಿಕರು ತಲೆಯನ್ನೂ ಪಾದಗಳನ್ನೂ ನೆಲದಲ್ಲಿಯೇ ಇಟ್ಟುಕೊಂಡು, ತೋಳುಗಳನ್ನು ಮಾತ್ರ ಆಡಿಸುತ್ತ ಇಪ್ಪತ್ತು ಮೂವತ್ತರವರೆಗೆ ಎಣಿಸಿದರೆ ಸಾಕು. ಕೆಲವು ವಾರಗಳ ಬಳಿಕ ಕಾಲುಗಳನ್ನು ಮಡಿಸಿ ಎತ್ತಬಹುದು, ಆಮೇಲೆ ತಲೆ. ತಲೆಯೆತ್ತುವಾಗ ಗದ್ದಕ್ಕೂ ಎದೆಗೂ ನಡುವೆ ಒಂದು ಕಿತ್ತಳೆಹಣ್ಣು ಹಿಡಿಸುವಷ್ಟು ಎಡೆ ಉಳಿಯಬೇಕು. ಹೊಟ್ಟೆಗೆ ಮೊದಲು ಕತ್ತು ದಣಿದರೆ, ತಲೆಯನ್ನು ಕೆಳಗಿಟ್ಟು ಮುಂದುವರಿಸಬೇಕು. ಅದರಲ್ಲಿ ಅವಮಾನವೇನೂ ಇಲ್ಲ.

ಎರಡನೆಯದಾದ ‘ರೋಲ್ ಅಪ್’ನ ಗತಿಯೂ ಹೀಗೆಯೇ. ಕಾಲು ನೀಡಿ ಮಲಗಿ, ಕೈಯೂರದೆ, ಬೆನ್ನನ್ನು ಸುರುಳಿಯಂತೆ ಎತ್ತುತ್ತ ಕುಳಿತುಕೊಳ್ಳುವುದು. ತೊಡೆಯ ಸ್ನಾಯು ಬಿಗಿದವರು ಏಳಲೆತ್ನಿಸಿದಾಗ ಪಾದಗಳೇ ಗಾಳಿಗೇರುತ್ತವೆ. ಅವರು ಜೋರಾಗಿ ಕೈಬೀಸಿ ಎದ್ದು ಗೆದ್ದೆವೆಂದುಕೊಳ್ಳುತ್ತಾರೆ. ಇಂಥವರು ಅದನ್ನು ಹಿಮ್ಮುಖವಾಗಿ ಕಲಿಯುವುದು ಮೇಲು. ಮೊಣಕಾಲು ಮಡಿಸಿ ಕುಳಿತು, ತೊಡೆಗಳ ಹಿಂಭಾಗವನ್ನು ಕೈಗಳಿಂದ ಹಿಡಿದು, ಬಾಲದೆಲುಬಿನಿಂದ ಮಣಿಮಣಿಯಾಗಿ ಅರ್ಧದವರೆಗೆ ಹಿಂದಕ್ಕೆ ಇಳಿದು ಮತ್ತೆ ಏಳಬೇಕು. ದಿನದಿನಕ್ಕೆ ಒಂದೊಂದು ಅಂಗುಲ ಕೆಳಗಿಳಿದರೆ ಒಂದು ದಿನ ನೆಲ ಸಿಕ್ಕಿಯೇ ಸಿಕ್ಕುತ್ತದೆ.

ಇವುಗಳ ಜೊತೆಗೆ ಬೋರಲು ಮಲಗಿ, ಅಂಗೈಗಳನ್ನು ಹೆಗಲ ಪಕ್ಕದಲ್ಲಿಟ್ಟು, ಎದೆಯನ್ನು ನಾಲ್ಕು ಬೆರಳಿನಷ್ಟು ಮಾತ್ರ ಎತ್ತುವ ಅಭ್ಯಾಸವನ್ನು ಬಿಡಬಾರದು. ಮುಂದಕ್ಕೆ ಬಾಗಿಯೇ ದಿನ ಕಳೆಯುವವರಿಗೆ ಇದು ಮದ್ದಿನಂತಿದೆ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತಿಳಿಸುವುದು, ಕುಳಿತು ತೋಳುಗಳನ್ನು ಮುಂದಕ್ಕೆ ನೀಡಿ ಬೆನ್ನನ್ನು ಬಾಗಿಸುವುದು ಇವೂ ಮೊದಲ ತಿಂಗಳಿಗೆ ಸಲ್ಲುವಂಥವು. ಕುಳಿತಾಗ ಸೊಂಟ ಹಿಂದಕ್ಕೆ ಕುಸಿಯುವವರು ಮಡಿಸಿದ ಕಂಬಳಿಯ ಮೇಲೆ ಕೂರಬಹುದು. ಉಳಿದ ಇಪ್ಪತ್ತೆಂಟು ಮೂವತ್ತು ವ್ಯಾಯಾಮಗಳನ್ನು ಶಿಕ್ಷಕರ ಕಣ್ಣೆದುರಿಗೇ ಕಲಿಯತಕ್ಕದ್ದು. ಶಿಕ್ಷಕರನ್ನು ಆರಿಸುವಾಗ ಗೋಡೆಯ ಪ್ರಮಾಣಪತ್ರಕ್ಕಿಂತ, ಅವರು ಕಲಿಯುವವರ ದೇಹವನ್ನು ನೋಡಿ ಚಲನೆಯನ್ನು ಬದಲಿಸುತ್ತಾರೆಯೆ, ಇಲ್ಲವೆ ತಾವೇ ಮುಂದೆ ನಿಂತು ಮಾಡಿ ತೋರಿಸಿ ಎಣಿಸುತ್ತಾರೆಯೆ ಎಂಬುದನ್ನು ನೋಡುವುದು ಮುಖ್ಯ.

ವಾರಕ್ಕೆ ನಾಲ್ಕು ದಿನದಂತೆ ಮೂರು ತಿಂಗಳು ಬಿಡದೆ ನಡೆಸಬೇಕೆಂದು ಪಿಲಾಟೀಸರು ಹೇಳಿದ್ದಾರೆ. ದಿನಕ್ಕೆ ಇಪ್ಪತ್ತು ನಿಮಿಷಗಳು ಪ್ರಾರಂಭಿಕರಿಗೆ ಯಥೇಷ್ಟ. ಸ್ನಾಯುಗಳು ನಡುಗುವುದು, ಮರುದಿನ ಅಲ್ಪಸ್ವಲ್ಪ ನೋಯುವುದು ಸಹಜ. ಚುಚ್ಚುವ ನೋವು, ಕಾಲಿನುದ್ದಕ್ಕೂ ಹರಿಯುವ ನೋವು, ಜೋಮು, ತಲೆಸುತ್ತು ಇವು ಕಾಣಿಸಿದರೆ ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಫಲದ ವಿಷಯದಲ್ಲಿ ಜಾಹೀರಾತುಗಳ ಮಾತನ್ನು ನಂಬಬೇಕಾಗಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ನಿಷ್ಪಕ್ಷಪಾತವಾಗಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯು, ದೀರ್ಘಕಾಲದ ಸೊಂಟನೋವಿನವರಿಗೆ ಏನೂ ಮಾಡದಿರುವುದಕ್ಕಿಂತ ಪಿಲಾಟೀಸ್ ಮಾಡುವುದರಿಂದ ನೋವು ತಗ್ಗುವ ಸಂಭವವಿದೆಯೆಂದೂ, ಆದರೆ ಇತರ ವ್ಯಾಯಾಮಗಳಿಗಿಂತ ಅದು ಮೇಲೆಂಬುದಕ್ಕೆ ನಿರ್ಣಾಯಕ ಆಧಾರವಿಲ್ಲವೆಂದೂ ಹೇಳಿತು. ಯೋಗಾಸನವನ್ನೋ ಸೂರ್ಯನಮಸ್ಕಾರವನ್ನೋ ಕ್ರಮವಾಗಿ ಮಾಡುತ್ತಿರುವವರು ಅದನ್ನು ಬಿಟ್ಟು ಇದಕ್ಕೆ ಬರಬೇಕಾದ ಅಗತ್ಯವಿಲ್ಲ. ಇದರಿಂದ ಬೊಜ್ಜು ಕರಗುವುದೆಂಬುದೂ ಬಹುಮಟ್ಟಿಗೆ ಆಸೆಯ ಮಾತು. ಹೃದಯಕ್ಕೆ ಬೇಕಾದ ವ್ಯಾಯಾಮಕ್ಕೆ ಬಿರುಸಿನ ನಡಿಗೆಯನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಈ ಪದ್ಧತಿಯಿಂದ ಮೊದಲು ಕಾಣುವ ಬದಲಾವಣೆ ಬೇರೆ ಬಗೆಯದು. ನೆಲದ ಮೇಲಿನ ಕೊಡವನ್ನೆತ್ತುವಾಗ, ಬಸ್ಸಿನ ಮೆಟ್ಟಿಲೇರುವಾಗ, ತರಗತಿಯಲ್ಲಿ ಮೂರನೆಯ ಗಂಟೆ ನಿಂತಿರುವಾಗ ಹೊಟ್ಟೆಯ ಒಳಸ್ನಾಯು ತಾನಾಗಿಯೇ ಎಚ್ಚತ್ತು ಬೆನ್ನಿಗೆ ಒದಗುತ್ತದೆ. ಅಭ್ಯಾಸಿಯು ಅದನ್ನು ಗಮನಿಸುವ ವೇಳೆಗೆ ಸಾಮಾನ್ಯವಾಗಿ ಎರಡು ತಿಂಗಳು ಕಳೆದಿರುತ್ತವೆ.

ಪ್ರತಿದಿನದ ಅಭ್ಯಾಸವು ಮುಗಿದಾಗ ಮಲಗಿದಲ್ಲಿಂದ ನೇರವಾಗಿ ಎದ್ದು ಕೂರಬಾರದು. ಎರಡು ಮೊಣಕಾಲುಗಳನ್ನೂ ಎದೆಗೆ ತಂದುಕೊಂಡು ನಾಲ್ಕಾರು ಉಸಿರಾಡಿ, ಒಂದು ಮಗ್ಗುಲಿಗೆ ಹೊರಳಿ, ಅಂಗೈಯನ್ನು ನೆಲಕ್ಕೆ ಊರಿ, ತಲೆಯು ಕಡೆಯಲ್ಲಿ ಏಳುವಂತೆ ಕುಳಿತುಕೊಂಡು, ಆಮೇಲೆ ನಿಲ್ಲಬೇಕು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೂ ಇದೇ ಕ್ರಮವನ್ನು ಅನುಸರಿಸಬಹುದು.